ಸೀಲನ್ ಗೋಡೆಗೆ ಲ್ಯಾಬ್ ವರದಿ

ಉಬ್ಬಸದವರಿರುವ ಮನೆಗೆ ಈಚೆಗೆ ಒಂದು ಬುದ್ಧಿಮಾತು ತಪ್ಪದೆ ಬರುತ್ತದೆ: ಮಾತ್ರೆ-ಗೀತ್ರೆ ಆಮೇಲೆ, ಮೊದಲು ಮನೆಯನ್ನು ಪರೀಕ್ಷೆ ಮಾಡಿಸಿ. ಹಾಸಿಗೆಯ ಧೂಳನ್ನು ಹೀರಿ ಲ್ಯಾಬಿಗೆ ಕಳಿಸಿ, ಕೋಣೆಯ ಗಾಳಿ ಅಳೆಸಿ, ಬೂಷ್ಟು ಎಷ್ಟು, ಧೂಳುನುಸಿ ಎಷ್ಟು, ಜಿರಲೆಯ ಅಂಶ ಎಷ್ಟು ಎಂದು ಅಂಕಿಯಲ್ಲಿ ತಿಳಿದುಕೊಳ್ಳಿ. ಶತ್ರು ಯಾರೆಂದು ಗೊತ್ತಾದರೆ ಅರ್ಧ ಗೆದ್ದಂತೆ ಎಂಬುದು ಅದರ ತರ್ಕ. ಓದಿದವರು ಹೇಳುವ ಮಾತು, ವಿಜ್ಞಾನದ ಧಾಟಿಯಲ್ಲಿದೆ, ಯಾರೂ ಎದುರಾಡುವುದಿಲ್ಲ. ಎದುರಾಡಬೇಕು ಎಂಬುದು ನನ್ನ ವಾದ. ದೆಹಲಿಯಲ್ಲಿ ಯಮುನೆಯ ಆಚೆ ದಂಡೆಯ ಲಕ್ಷ್ಮೀ ನಗರದಂಥ ಜಾಗದಲ್ಲಂತೂ ಈ ಪರೀಕ್ಷೆ ಗೊತ್ತಿರುವುದನ್ನೇ ದುಡ್ಡು ತೆಗೆದುಕೊಂಡು ಹೇಳುತ್ತದೆ. ಗೊತ್ತಿಲ್ಲದ್ದರ ಬಗ್ಗೆ ಏನೂ ಹೇಳುವುದಿಲ್ಲ. ಮಾಡಬೇಕಾದ ಕೆಲಸವನ್ನು ವರದಿ ಬರುವವರೆಗೆ ಮುಂದಕ್ಕೆ ಹಾಕಿಸುತ್ತದೆ.

ಲಕ್ಷ್ಮೀ ನಗರವನ್ನು ಕಾಣದವರಿಗೆ ನಾಲ್ಕು ಮಾತು. ಐಟಿಓ ಸೇತುವೆ ದಾಟಿ ವಿಕಾಸ್ ಮಾರ್ಗಕ್ಕೆ ಬಂದರೆ ಎರಡೂ ಬದಿಗೆ ಸಿಎ ಕೋಚಿಂಗ್ ಸೆಂಟರುಗಳ ಬೋರ್ಡು, ತಲೆಯ ಮೇಲೆ ಮೆಟ್ರೋ, ಒಳಗೆ ಗಲ್ಲಿಯೊಳಗೆ ಗಲ್ಲಿ. 2010ರಲ್ಲಿ ಮೆಟ್ರೋ ಬಂದ ಮೇಲಂತೂ ಬಾಡಿಗೆಗೆ ಹಾಕಬಹುದಾದ ಪ್ರತಿ ಅಡಿಯೂ ಕೋಣೆಯಾಯಿತು. ದೇಶದ ಮೂಲೆಮೂಲೆಯಿಂದ ಲೆಕ್ಕಪರಿಶೋಧನೆ ಓದಲು ಬಂದ ಮಕ್ಕಳು ಇಲ್ಲಿನ ಪಿ.ಜಿ.ಗಳಲ್ಲಿ ಇರುತ್ತಾರೆ. ಹುಡುಕಿದರೆ ಕನ್ನಡ ಮಾತಾಡುವವರೂ ಒಬ್ಬಿಬ್ಬರು ಸಿಗುತ್ತಾರೆ. ಮೂರು ಕಡೆ ಪಕ್ಕದ ಕಟ್ಟಡಕ್ಕೆ ಅಂಟಿದ ಗೋಡೆ, ಒಂದೇ ಕಡೆ ಕಿಟಕಿ. ಆ ಕಿಟಕಿಗೂ ಎದುರುಮನೆಯ ಬಾಲ್ಕನಿಯೇ ಅಡ್ಡ. ಒಂದು ಕೋಣೆಯನ್ನು ಪ್ಲೈವುಡ್ ಹಾಕಿ ಎರಡು ಮಾಡಿದರೆ ಒಳಗಿನ ಪಾಲಿಗೆ ಆ ಕಿಟಕಿಯೂ ಇಲ್ಲ. ನೆಲ ಯಮುನೆಯ ಹಳೆಯ ಬಯಲು. ನೀರು ಇಟ್ಟಿಗೆಯ ಸೂಕ್ಷ್ಮರಂಧ್ರಗಳ ಮೂಲಕ ಮೇಲೇರಿ, ಒಣಗಿದಾಗ ಉಪ್ಪನ್ನು ಗೋಡೆಯ ಮೇಲೆ ಬಿಟ್ಟು ಬಣ್ಣವನ್ನು ಹಪ್ಪಳದಂತೆ ಎಬ್ಬಿಸುತ್ತದೆ. ಇಲ್ಲಿ ಇದಕ್ಕೆ ಸೀಲನ್ ಎನ್ನುತ್ತಾರೆ. ಮಾಲೀಕರ ಬಳಿ ಸೀಲನ್‌ಗೆ ಒಂದೇ ಔಷಧ: ಮೇಲೊಂದು ಪುಟ್ಟಿ, ಅದರ ಮೇಲೆ ಡಿಸ್ಟೆಂಪರ್, ಅದೂ ನಿಲ್ಲದಿದ್ದರೆ ಪಿವಿಸಿ ಪ್ಯಾನಲ್. ಪ್ಯಾನಲ್ ಹಿಂದೆ ಏನು ಬೆಳೆಯುತ್ತಿದೆ ಎಂಬುದು ಮುಂದಿನ ಬಾಡಿಗೆದಾರರ ಭಾಗ್ಯ.

ಇಂಥ ಕೋಣೆಯೊಂದರ ಧೂಳನ್ನು ಲ್ಯಾಬಿಗೆ ಕಳಿಸಿದೆವು ಎಂದುಕೊಳ್ಳೋಣ. ಏನು ಬರುತ್ತದೆ?

ಧೂಳುನುಸಿಯ ಅಂಕಿ ಬರುತ್ತದೆ, ಒಂದು ಗ್ರಾಂ ಧೂಳಿಗೆ ಇಷ್ಟು ಮೈಕ್ರೋಗ್ರಾಂ ಎಂದು. ನುಸಿಗೂ ಉಬ್ಬಸಕ್ಕೂ ಇರುವ ನಂಟನ್ನು 1964ರಲ್ಲಿ ನೆದರ್‌ಲೆಂಡ್ಸಿನ ಲೈಡನ್‌ನಲ್ಲಿ ಫೋರ್‌ಹಾರ್ಸ್ಟ್, ಸ್ಪೀಕ್ಸ್‌ಮಾ ಮತ್ತು ಸಂಗಡಿಗರು ತೋರಿಸಿದರು. ಕಣ್ಣಿಗೆ ಕಾಣದ ಈ ಜೀವಿ ನಮ್ಮ ಮೈಯಿಂದ ಉದುರುವ ಚರ್ಮದ ಪುಡಿ ತಿಂದು ಹಾಸಿಗೆ-ದಿಂಬಿನಲ್ಲಿ ಬದುಕುತ್ತದೆ. ಅಲರ್ಜಿ ತರುವುದು ಮುಖ್ಯವಾಗಿ ಅದರ ಹಿಕ್ಕೆಯಲ್ಲಿರುವ ಪ್ರೋಟೀನು. 1980ರ ದಶಕದ ಕೊನೆಗೆ ತಜ್ಞರು ಕೂತು ಎರಡು ಗೆರೆ ಎಳೆದರು: ಗ್ರಾಂ ಧೂಳಿಗೆ 2 ಮೈಕ್ರೋಗ್ರಾಂ ದಾಟಿದರೆ ಅಲರ್ಜಿ ಹುಟ್ಟುವ ಅಪಾಯ, 10 ದಾಟಿದರೆ ಉಬ್ಬಸ ಕೆರಳುವ ಅಪಾಯ. ವರದಿಗಳಲ್ಲಿ ಹಸಿರು, ಹಳದಿ, ಕೆಂಪು ಬಣ್ಣ ಬಳಿಯುವುದು ಇಂಥ ಗೆರೆಗಳ ಆಧಾರದ ಮೇಲೆ.

ಆ ಗೆರೆ ಎಳೆದವರ ಮನೆಗಳಲ್ಲಿ ಧೂಳು ಎಂದರೆ ಬಹುಪಾಲು ಬಟ್ಟೆಯ ನಾರು, ಚರ್ಮದ ಪುಡಿ, ಕಾರ್ಪೆಟ್ಟಿನ ಜೂಲು. ಲಕ್ಷ್ಮೀ ನಗರದ ಧೂಳು ಹಾಗಲ್ಲ. ಮೇ ತಿಂಗಳ ಒಂದು ಆಂಧಿ ಬೀಸಿದರೆ ರಾಜಸ್ಥಾನದ ಮರಳು ಮಂಚದ ಮೇಲಿರುತ್ತದೆ. ಪಕ್ಕದಲ್ಲಿ ಯಾರೋ ಮೂರನೆಯ ಮಹಡಿಯ ಮೇಲೆ ನಾಲ್ಕನೆಯದು ಕಟ್ಟುತ್ತಿದ್ದರೆ ಸಿಮೆಂಟು ವರ್ಷವಿಡೀ ಬರುತ್ತದೆ. ಮಣ್ಣು ಹೆಚ್ಚಿದಷ್ಟೂ ಗ್ರಾಂ ಒಂದರಲ್ಲಿ ನುಸಿಯ ಪಾಲು ಕಡಿಮೆಯಾಗುತ್ತದೆ. ಹಾಸಿಗೆಯಲ್ಲಿ ಒಟ್ಟು ಎಷ್ಟಿದೆಯೋ ಅಷ್ಟೇ ಇದ್ದರೂ ವರದಿ ಹಸಿರಾಗುತ್ತದೆ! ಚೆನ್ನಾಗಿ ಕೊಡವಿ ಗುಡಿಸಿದ ಮನೆಗೆ ಕೆಂಪು, ಮಣ್ಣು ತುಂಬಿದ ಮನೆಗೆ ಹಸಿರು ಬರುವ ಸಾಧ್ಯತೆಯುಳ್ಳ ಅಳತೆಯನ್ನು ನಂಬಿ ಯಾರಾದರೂ ಹಾಸಿಗೆ ಬದಲಿಸಬೇಕೆ?

ಪರೀಕ್ಷೆ ಹುಡುಕುವ ಪ್ರಾಣಿಗಳ ವಿಷಯವೂ ಇದೆ. ಪಾಶ್ಚಾತ್ಯ ಕಿಟ್‌ಗಳು ಸಾಮಾನ್ಯವಾಗಿ ನೋಡುವುದು ಅಲ್ಲಿ ಹೆಚ್ಚಿರುವ ಎರಡು ಜಾತಿಯ ನುಸಿಗಳನ್ನು. ಉಷ್ಣವಲಯದಲ್ಲಿ ಬ್ಲೋಮಿಯಾ ಎಂಬ ಇನ್ನೊಂದು ನುಸಿ ಅಷ್ಟೇ ಮುಖ್ಯ, ಮತ್ತು ಅದರ ಪ್ರೋಟೀನು ಬಹುಮಟ್ಟಿಗೆ ಬೇರೆಯದು. ಜಿರಲೆಯಲ್ಲೂ ಹೀಗೆಯೇ. ಕಿಟ್ ಹುಡುಕುವುದು ಅಡುಗೆಮನೆಯ ಕಪಾಟಿನಲ್ಲಿರುವ ಸಣ್ಣ ಜರ್ಮನ್ ಜಿರಲೆಯನ್ನು. ದೆಹಲಿಯ ಬಚ್ಚಲ ಜಾಲರಿಯಿಂದ ರಾತ್ರಿ ಮೇಲೇರಿ ಬರುವುದು ಕೆಂಪಗಿನ, ಬೆರಳುದ್ದದ ಅಮೆರಿಕನ್ ಜಿರಲೆ. ದೆಹಲಿಯದೇ ಐಜಿಐಬಿ ಸಂಸ್ಥೆಯ ಸಂಶೋಧಕರು ಈ ದೊಡ್ಡ ಜಿರಲೆಯ ಅಲರ್ಜಿಕಾರಕ ಪ್ರೋಟೀನುಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಒಂದು ಜಾತಿಯನ್ನು ಹುಡುಕಿ ‘ಜಿರಲೆ: ಕಡಿಮೆ’ ಎಂದು ಬರೆದುಕೊಟ್ಟ ಕಾಗದ, ಬಚ್ಚಲಿಗೆ ಲೈಟು ಹಾಕಿದಾಗ ಕಂಡದ್ದನ್ನು ಸುಳ್ಳು ಮಾಡಲಾರದು.

ಬೂಷ್ಟಿನ ಪರೀಕ್ಷೆ ಇನ್ನೂ ದುರ್ಬಲ. ಜೆಲ್ಲಿ ಹಾಕಿದ ಗಾಜಿನ ತಟ್ಟೆಯೊಂದನ್ನು ಯಾವ ಕೋಣೆಯಲ್ಲಿ ತೆರೆದಿಟ್ಟರೂ ಕೆಲವು ದಿನದಲ್ಲಿ ಅದರ ಮೇಲೆ ಬೂಷ್ಟು ಬೆಳೆಯುತ್ತದೆ. ರಾಷ್ಟ್ರಪತಿ ಭವನದಲ್ಲಿಟ್ಟರೂ ಬೆಳೆಯುತ್ತದೆ. ಬೂಷ್ಟಿನ ಬೀಜಕಣಗಳು ಗಾಳಿಯಲ್ಲಿ ಎಲ್ಲೆಲ್ಲೂ ಇವೆ, ಗಂಟೆಗಂಟೆಗೂ ಅವುಗಳ ಸಂಖ್ಯೆ ಬದಲಾಗುತ್ತದೆ. ಹತ್ತು ನಿಮಿಷ ಪಂಪು ಹಚ್ಚಿ ಹಿಡಿದ ಗಾಳಿ ಆ ಹತ್ತು ನಿಮಿಷದ ಕತೆ ಮಾತ್ರ. ಇದು ನನ್ನೊಬ್ಬನ ತಕರಾರಲ್ಲ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆಯೊಳಗಿನ ತೇವ ಮತ್ತು ಬೂಷ್ಟಿನ ಬಗ್ಗೆ ಮಾರ್ಗಸೂಚಿ ಹೊರಡಿಸಿದಾಗ, ಇಷ್ಟು ಬೂಷ್ಟು ಸುರಕ್ಷಿತ, ಇದಕ್ಕಿಂತ ಹೆಚ್ಚು ಅಪಾಯ ಎಂದು ಅಂಕಿ ಕೊಡಲು ಸಾಧ್ಯವಿಲ್ಲ ಎಂದೇ ಹೇಳಿತು. ತೇವವನ್ನು ತಡೆಯಿರಿ, ಬಂದದ್ದನ್ನು ತೆಗೆಯಿರಿ ಎಂಬುದಷ್ಟೇ ಅದರ ಸಲಹೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯೂ ಕಣ್ಣಿಗೆ ಬೂಷ್ಟು ಕಾಣುತ್ತಿದ್ದರೆ ಸಾಮಾನ್ಯವಾಗಿ ಪರೀಕ್ಷೆ ಅನಗತ್ಯ ಎನ್ನುತ್ತದೆ. ಅದೇ ದೇಶದ ಔದ್ಯೋಗಿಕ ಆರೋಗ್ಯ ಸಂಸ್ಥೆ ಕಟ್ಟಡಗಳ ತೇವ ಪತ್ತೆಗೆ ಮಾಡಿಕೊಟ್ಟಿರುವ ಸಾಧನ ಒಂದು ಕಾಗದದ ಪಟ್ಟಿ: ಕೋಣೆ ಕೋಣೆಗೆ ಹೋಗಿ ಕಲೆ ನೋಡು, ವಾಸನೆ ನೋಡು, ಬರೆದುಕೋ. ಮಳೆಗಾಲದಲ್ಲಿ ಮುಗ್ಗಲು ವಾಸನೆ ಹಿಡಿದು ಅಕ್ಕಿ ಡಬ್ಬ ಬಿಸಿಲಿಗಿಡುತ್ತಿದ್ದ ನಮ್ಮ ಮಲೆನಾಡಿನ ಅಜ್ಜಿಯರಿಗೆ ಈ ಸಾಧನ ಹೊಸದೇನಲ್ಲ.

ಉಳಿದದ್ದು ಗಾಳಿಯ ಸೂಕ್ಷ್ಮಕಣ (ಪಿಎಂ 2.5) ಅಳೆಯಲು ಮೇಜಿನ ಮೇಲಿಡುವ ಪಿಎಂ ಮೀಟರ್. ದೆಹಲಿಯಲ್ಲಿ ಅದಕ್ಕೆ ನವೆಂಬರ್‌ನಲ್ಲಿ ಸುಗ್ಗಿ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಿತಿ ಘನ ಮೀಟರ್ ಗಾಳಿಗೆ ದಿನದ ಸರಾಸರಿ 15 ಮೈಕ್ರೋಗ್ರಾಂ, ನಮ್ಮ ಸರ್ಕಾರದ ಮಿತಿ 60. ಆನಂದ್ ವಿಹಾರದ ಸರ್ಕಾರಿ ಕೇಂದ್ರದಲ್ಲಿ ಚಳಿಗಾಲದ ಹಲವು ದಿನ ಅದು 200 ದಾಟುತ್ತದೆ. ಆ ಅಂಕಿ ಫೋನಿನಲ್ಲಿ ಪುಕ್ಕಟೆ ಸಿಗುತ್ತದೆ, ಸಂದಿಯಿರುವ ಕಿಟಕಿಯ ಕೋಣೆಯೊಳಗೂ ಅದರ ದೊಡ್ಡ ಪಾಲು ಇರುತ್ತದೆ. ಅಗ್ಗದ ಮೀಟರುಗಳು ಬೆಳಕು ಚದುರುವುದನ್ನು ನೋಡಿ ಲೆಕ್ಕ ಹಾಕುವುದರಿಂದ ಜನವರಿಯ ಕಾವಳದ ಹನಿಯನ್ನೂ ಹೊಗೆಯೆಂದೇ ಎಣಿಸುತ್ತವೆ. ಮುಖ್ಯವಾಗಿ, ಆ ಮೀಟರಿಗೂ ಅಲರ್ಜಿಗೂ ನೇರ ಸಂಬಂಧವೇ ಇಲ್ಲ. ನುಸಿಯ ಹಿಕ್ಕೆ ದಪ್ಪ ಕಣ. ಹಾಸಿಗೆ ಕೊಡವಿದಾಗ ಎದ್ದು ಬೇಗನೆ ಕೆಳಗೆ ಕೂರುತ್ತದೆ. ಮೀಟರ್ 12 ತೋರಿಸುತ್ತಿರುವಾಗಲೇ ದಿಂಬಿಗೆ ಮುಖ ಒತ್ತಿ ಮಲಗಿದವಳಿಗೆ ಉಸಿರು ಸಿಕ್ಕಿಕೊಳ್ಳಬಹುದು. ಏರ್ ಪ್ಯೂರಿಫೈಯರ್ ಹೊಗೆಗೆ ಒಳ್ಳೆಯದು, ದಿಂಬಿಗೆ ಅಲ್ಲ.

ಇಷ್ಟಾಗಿಯೂ ಮನೆಯೊಳಗೆ ಏನೂ ಇಲ್ಲ, ಎಲ್ಲ ತಪ್ಪೂ ಹೊರಗಿನ ಗಾಳಿಯದು ಎಂಬ ದೆಹಲಿಯ ಇನ್ನೊಂದು ಜನಪ್ರಿಯ ನಂಬಿಕೆಯ ಪರ ನಾನಿಲ್ಲ. ಮನೆಯೊಳಗೆ ಬೇಕಾದಷ್ಟಿದೆ. ಅದನ್ನು ಓದಲು ಬೇಕಾದ್ದು ಕ್ಯಾಲೆಂಡರು.

ಮೇ, ಜೂನ್ ತೆಗೆದುಕೊಳ್ಳಿ. ಆಗ ದೆಹಲಿಯ ಗಾಳಿ ಒಣಕಲು, ನುಸಿಗೆ ಯಮಗಂಡ ಕಾಲ. ನುಸಿ ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಮೈಗೆ ಎಳೆದುಕೊಂಡು ಬದುಕುತ್ತದೆ. ತೇವಾಂಶ 50 ಶೇಕಡಾಕ್ಕಿಂತ ಕೆಳಗೆ ಬಹಳ ದಿನ ನಿಂತರೆ ಒಣಗಿ ಸಾಯುತ್ತದೆ. ಎ.ಸಿ.ಯ ಕರೆಂಟ್ ಬಿಲ್ಲಿಗೆ ಹೆದರುವ ಲಕ್ಷ್ಮೀ ನಗರ ಮಾಡುವುದೇನು? ಕಿಟಕಿಗೆ ಕೂಲರ್ ಕೂರಿಸುತ್ತದೆ. ಕೂಲರ್ ಎಂದರೆ ಒದ್ದೆ ಹುಲ್ಲಿನ ಮೂಲಕ ಗಾಳಿ ಎಳೆದು ಕೋಣೆಗೆ ಊದುವ ಪೆಟ್ಟಿಗೆ. ಗಾಳಿ ಹೊರಹೋಗಲು ಎದುರು ಕಿಟಕಿ ತೆರೆದಿರಬೇಕು ಎಂಬುದು ಅದರ ಮೊದಲ ನಿಯಮ, ಆದರೆ ಎದುರು ಕಿಟಕಿಯೇ ಇಲ್ಲವಲ್ಲ. ಹೀಗೆ ಹೊರಗೆ ಮರುಭೂಮಿಯ ಗಾಳಿ ಇರುವಾಗ ಒಳಗೆ ನಾವೇ ಮಂಗಳೂರಿನ ಜುಲೈ ತಯಾರಿಸುತ್ತೇವೆ. ತೇವದ ಕೂಲರುಗಳಿರುವ ಮನೆಗಳಲ್ಲಿ ನುಸಿ ಹೆಚ್ಚು ಎಂಬುದನ್ನು ಅಮೆರಿಕದ ಒಣ ಪಶ್ಚಿಮ ರಾಜ್ಯಗಳಲ್ಲೂ ಕಂಡಿದ್ದಾರೆ. ಕಳೆದ ವರ್ಷದ ಹುಲ್ಲನ್ನೇ ಈ ವರ್ಷವೂ ನೆನೆಸಿದರೆ ಬೂಷ್ಟಿನ ವಾಸನೆ ಮೊದಲ ದಿನವೇ ಮೂಗಿಗೆ ಬಡಿಯುತ್ತದೆ. ಅದಕ್ಕಿಂತ ಖಚಿತವಾದ ವರದಿಯನ್ನು ಯಾವ ಲ್ಯಾಬೂ ಕೊಡದು.

ಜುಲೈಯಿಂದ ಸೆಪ್ಟೆಂಬರ್ ಮಳೆ. ಗೋಡೆ ತಾನಾಗಿ ಮಾತಾಡುವ ಕಾಲ. ಒಗೆದ ಬಟ್ಟೆಯನ್ನು ಕೋಣೆಯೊಳಗೇ ಹಗ್ಗ ಕಟ್ಟಿ ಒಣಹಾಕುತ್ತಾರೆ. ಬಟ್ಟೆಯ ನೀರು ಹೋಗುವುದು ಗೋಡೆಗೆ, ಹಾಸಿಗೆಗೆ. ಸೊಳ್ಳೆ ಹೆಚ್ಚುವುದೂ ಆಗಲೇ, ಸುರುಳಿ ಬತ್ತಿ ಹಚ್ಚುವುದೂ ಆಗಲೇ. ಒಂದು ಸೊಳ್ಳೆ ಬತ್ತಿ ಪೂರ್ತಿ ಉರಿದರೆ ಬಿಡುವ ಸೂಕ್ಷ್ಮಕಣ 75ರಿಂದ 137 ಸಿಗರೇಟಿನ ಹೊಗೆಗೆ ಸಮ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಳೆದಿತ್ತು. ಮನೆಯಲ್ಲಿ ಯಾರೂ ಬೀಡಿ-ಸಿಗರೇಟು ಮುಟ್ಟುವುದಿಲ್ಲ ಎಂದು ಡಾಕ್ಟರ ಮುಂದೆ ಹೆಮ್ಮೆಯಿಂದ ಹೇಳುವವರು ರಾತ್ರಿ ಬಾಗಿಲು ಹಾಕಿ ಮಂಚದ ಕೆಳಗೆ ಈ ಬತ್ತಿ ಇಡುತ್ತಾರೆ. ಬೆಳಿಗ್ಗೆ ಧೂಪ. ಧೂಪದ ವಿಷಯ ಎತ್ತಿದರೆ ಜಗಳ ಬರುತ್ತದೆ. ದೇವರಿಗೆ ಹೂವೂ ದೀಪವೂ ಸಾಕಾಗುವುದಿಲ್ಲವೇ ಎಂದಷ್ಟೇ ಕೇಳಿ ಮುಂದೆ ಹೋಗುತ್ತೇನೆ.

ಅಕ್ಟೋಬರ್ ಕೊನೆ, ನವೆಂಬರ್. ಪಂಜಾಬ್-ಹರಿಯಾಣದ ಕೂಳೆ ಸುಡುವ ಹೊಗೆ, ದೀಪಾವಳಿಯ ಪಟಾಕಿ, ಇಳಿಯುವ ಚಳಿ, ಎಲ್ಲ ಒಟ್ಟಿಗೆ. ಆಸ್ಪತ್ರೆಗಳಲ್ಲಿ ಉಬ್ಬಸದವರ ಸಾಲು, ಟಿವಿಯಲ್ಲಿ ಹೊಗೆಯ ಚಿತ್ರ. ಹೊಗೆ ಕಾರಣವಲ್ಲ ಎಂದು ಹೇಳಿದರೆ ಮೂರ್ಖತನ. ಆದರೆ ಅದೇ ವಾರ ಪ್ರತಿ ಮನೆಯಲ್ಲೂ ಇನ್ನೊಂದು ಘಟನೆ ನಡೆಯುತ್ತದೆ, ಅದನ್ನು ಯಾವ ಚಾನೆಲ್ಲೂ ತೋರಿಸುವುದಿಲ್ಲ. ಮಂಚದ ಕೆಳಗಿನ ಪೆಟ್ಟಿಗೆಯ ಹಲಗೆ ಎತ್ತಿ, ಫೆಬ್ರವರಿಯಿಂದ ಕೂಲರ್ ತೇವ ಮತ್ತು ಮಳೆಗಾಲ ಎರಡನ್ನೂ ಕತ್ತಲಲ್ಲಿ ಕಳೆದ ಹತ್ತಿಯ ರಜಾಯಿ ಹೊರತೆಗೆದು, ಅಂದೇ ರಾತ್ರಿ ಮೂಗಿನವರೆಗೆ ಹೊದೆಯುತ್ತಾರೆ. ಹಳಬರು ಮೊದಲು ಎರಡು ದಿನ ಛಾವಣಿಯ ಬಿಸಿಲಿಗೆ ಹಾಕುತ್ತಿದ್ದರು, ಧುನಿಯಾ ಕರೆದು ಹತ್ತಿ ಬಿಡಿಸುತ್ತಿದ್ದರು. ಈಗ ಛಾವಣಿಯ ಬೀಗದ ಕೈ ಮಾಲೀಕರ ಹತ್ತಿರ. ಹತ್ತಿ ಹೊದಿಕೆಗೆ ತೊಳೆಯಬಹುದಾದ ಖೋಲು ಹಾಕಿ, ಅದನ್ನು ಸುಮಾರು 60 ಡಿಗ್ರಿ ಬಿಸಿನೀರಲ್ಲಿ ಒಗೆದರೆ ನುಸಿ ಸಾಯುತ್ತದೆ, ಅಲರ್ಜಿಕಾರಕವೂ ತೊಳೆದುಹೋಗುತ್ತದೆ. ಈ ಸಲಹೆ ಕೊಡಲು ಧೂಳಿನ ಪರೀಕ್ಷೆ ಬೇಕೇ? ಮಾರ್ಚ್‌ನಲ್ಲಿ ಧೂಳು ತೆಗೆದರೆ ಒಂದು ಅಂಕಿ, ಸೆಪ್ಟೆಂಬರ್‌ನಲ್ಲಿ ತೆಗೆದರೆ ಇನ್ನೊಂದು. ಯಾವುದನ್ನು ಮನೆಯ ಅಂಕಿ ಎನ್ನೋಣ?

ಪರೀಕ್ಷೆಯ ಪರ ವಾದಿಸುವವರು ಇಲ್ಲಿ ಒಂದು ಗಟ್ಟಿ ಮಾತು ಹೇಳಬಹುದು: ಅಲರ್ಜಿಕಾರಕ ಕಡಿಮೆಯಾದರೆ ಉಬ್ಬಸ ಕಡಿಮೆಯಾಗುವುದು ನಿಜ ತಾನೇ? ಹೌದು ಮತ್ತು ಅಲ್ಲ. 2003ರಲ್ಲಿ ಬ್ರಿಟನ್ನಿನಲ್ಲಿ ಉಬ್ಬಸವಿರುವ 1,122 ವಯಸ್ಕರಿಗೆ ನುಸಿ ದಾಟದ ಹಾಸಿಗೆ ಕವರು ಕೊಟ್ಟು ನೋಡಿದರು. ಮಾಮೂಲಿ ಕವರಿನವರಿಗಿಂತ ಅವರೇನೂ ಸುಧಾರಿಸಲಿಲ್ಲ. ನುಸಿ ನಿಯಂತ್ರಣದ 54 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದ 2008ರ ಪರಾಮರ್ಶೆಯೂ ಪ್ರಯೋಜನ ಕಾಣಲಿಲ್ಲ ಎಂದಿತು. ಅದೇ ಬ್ರಿಟನ್ನಿನಲ್ಲಿ 2017ರಲ್ಲಿ 284 ಮಕ್ಕಳ ಮೇಲೆ ನಡೆದ ಪ್ರಯೋಗದಲ್ಲಿ ಇಂಥ ಕವರು ಕೆಲಸ ಮಾಡಿತು: ಒಂದು ವರ್ಷದಲ್ಲಿ ಉಬ್ಬಸ ಕೆರಳಿ ಆಸ್ಪತ್ರೆಗೆ ಬಂದವರು ಕವರಿದ್ದವರಲ್ಲಿ ಸುಮಾರು 29 ಶೇಕಡಾ, ಮಾಮೂಲಿ ಕವರಿನವರಲ್ಲಿ ಸುಮಾರು 42. ವ್ಯತ್ಯಾಸ ಎಲ್ಲಿ? ಎರಡನೆಯ ಪ್ರಯೋಗದಲ್ಲಿದ್ದವರೆಲ್ಲ ಮಕ್ಕಳು, ಈಚೆಗಷ್ಟೇ ಆಸ್ಪತ್ರೆ ಕಂಡವರು, ಮತ್ತು ಪ್ರತಿಯೊಬ್ಬರಿಗೂ ನುಸಿಯ ಅಲರ್ಜಿ ಇರುವುದು ಮೊದಲೇ ಖಚಿತವಾಗಿತ್ತು. ಅಮೆರಿಕದ ಏಳು ನಗರಗಳ ಬಡ ಕೇರಿಗಳಲ್ಲಿ 937 ಮಕ್ಕಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನ ಯಶಸ್ವಿಯಾದದ್ದೂ ಹೀಗೆಯೇ. ಮಗುವಿಗೆ ಯಾವುದರ ಅಲರ್ಜಿ, ಮನೆಯಲ್ಲಿ ಏನಿದೆ ಎಂಬೆರಡನ್ನೂ ಹೊಂದಿಸಿ, ಹಾಸಿಗೆ, ಜಿರಲೆ, ಹೊಗೆ ಎಲ್ಲದಕ್ಕೂ ಒಟ್ಟಿಗೆ ಕೈಹಾಕಿದ್ದರು. 2020ರ ಅಮೆರಿಕದ ರಾಷ್ಟ್ರೀಯ ಮಾರ್ಗಸೂಚಿಯೂ ಅಲರ್ಜಿಯೂ ಲಕ್ಷಣವೂ ಇಲ್ಲದವರು ಮನೆಯಲ್ಲಿ ಇಂಥ ಸಾಹಸ ಮಾಡುವುದು ಬೇಡ ಎಂದಿತು. ಎಂದರೆ ಬೀಗ ತೆಗೆಯುವ ಕೀಲಿ ರೋಗಿಯ ಚರ್ಮದಲ್ಲಿದೆ. ಧೂಳಿನ ವರದಿ ಎಷ್ಟೇ ಕೆಂಪಾಗಿರಲಿ, ನುಸಿಯ ಅಲರ್ಜಿಯೇ ಇಲ್ಲದವಳಿಗೆ ಅದು ಕೇವಲ ಕೊಳಕಿನ ಸುದ್ದಿ.

ಜಿರಲೆಯ ವಿಷಯದಲ್ಲಿ ಸಾಕ್ಷ್ಯ ಇನ್ನೂ ಚುರುಕಾಗಿದೆ. 1997ರ ಅಮೆರಿಕದ ಅಧ್ಯಯನದಲ್ಲಿ ಜಿರಲೆಯ ಅಲರ್ಜಿಯೂ ಇದ್ದು ಮಲಗುವ ಕೋಣೆಯಲ್ಲಿ ಅದರ ಅಂಶವೂ ಹೆಚ್ಚಿದ್ದ ಮಕ್ಕಳು ಮೂರು ಪಟ್ಟಿಗೂ ಹೆಚ್ಚು ಸಲ ಆಸ್ಪತ್ರೆ ಸೇರಿದ್ದರು. 2017ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಜಿರಲೆಯ ವಿಷದ ಜೆಲ್ಲನ್ನು ಸರಿಯಾದ ಸಂದಿಗಳಲ್ಲಿ ಇಟ್ಟದ್ದಷ್ಟೇ, ಬೇರೇನೂ ಮಾಡಲಿಲ್ಲ, ಮಕ್ಕಳ ಉಬ್ಬಸ ಇಳಿಯಿತು. ಆ ಜೆಲ್ಲು ಲಕ್ಷ್ಮೀ ನಗರದ ಮಂಗಳ ಬಜಾರಿನ ಅಂಗಡಿಯಲ್ಲೂ ಸಿಗುತ್ತದೆ. ಸ್ಪ್ರೇ ಮಾತ್ರ ಬೇಡ, ಅದು ಜಿರಲೆಗಿಂತ ಮೊದಲು ಉಬ್ಬಸದವಳನ್ನೇ ಹಿಡಿದೀತು.

ಹಾಗಾದರೆ ಯಾರನ್ನು ಪರೀಕ್ಷಿಸಬೇಕು ಎಂದರೆ, ಉಸಿರಾಡುವವಳನ್ನು. ಈ ವಿದ್ಯೆಯಲ್ಲಿ ದೆಹಲಿ ಹಿಂದುಳಿದ ಊರಲ್ಲ. ದೆಹಲಿ ವಿಶ್ವವಿದ್ಯಾಲಯದ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ ಡಿ. ಎನ್. ಶಿವಪುರಿ ಅವರು ಕಳೆದ ಶತಮಾನದ ನಡುಭಾಗದಲ್ಲೇ ಈ ನಗರದ ಪರಾಗ, ಅಲರ್ಜಿಗಳ ಅಧ್ಯಯನಕ್ಕೆ ಅಡಿಪಾಯ ಹಾಕಿದರು. ಮುಂಗೈಗೆ ಹನಿ ಹನಿ ದ್ರಾವಣ ಹಾಕಿ ಸೂಜಿಯಿಂದ ಮೆಲ್ಲಗೆ ಚುಚ್ಚಿ, ಕಾಲು ಗಂಟೆಯಲ್ಲಿ ಎಲ್ಲಿ ದದ್ದು ಏಳುತ್ತದೆ ನೋಡುವ ಚರ್ಮ ಪರೀಕ್ಷೆ ಇಲ್ಲಿನ ದೊಡ್ಡ ಆಸ್ಪತ್ರೆಗಳಲ್ಲಿ ಲಭ್ಯ. ಊದುವ ಸ್ಪೈರೋಮೆಟ್ರಿ ಅದಕ್ಕೂ ಮುಂಚೆ ಆಗಬೇಕಾದ್ದು, ಏಕೆಂದರೆ ಮೊದಲು ಅದು ಉಬ್ಬಸವೇ ಹೌದೋ ಎಂದು ತಿಳಿಯಬೇಕಲ್ಲ. ಬಾಲ್ಕನಿಯ ಪಾರಿವಾಳದ ಹಿಕ್ಕೆಯಿಂದ ಬರುವ ಶ್ವಾಸಕೋಶದ ಉರಿಯೂತ ಬೇರೆಯೇ ಕಾಯಿಲೆ, ಅದಕ್ಕೆ ಚಿಕಿತ್ಸೆಯೂ ಬೇರೆ. ಇದಲ್ಲದೆ ನೂರಾರು ಅಲರ್ಜಿಗಳನ್ನು ಒಂದೇ ರಕ್ತದಲ್ಲಿ ಹುಡುಕಿಕೊಡುತ್ತೇವೆ ಎಂಬ ಪ್ಯಾಕೇಜುಗಳಿವೆ. ರಕ್ತದಲ್ಲಿ ಪ್ರತಿಕಾಯ ಕಂಡ ಮಾತ್ರಕ್ಕೆ ಕಾಯಿಲೆ ಇದೆ ಎಂದಲ್ಲ. ಬದನೆಕಾಯಿ, ಕಡಲೆ, ಹಾಲು ಎಲ್ಲ ಬಿಟ್ಟು ಕೃಶವಾಗಿ ಊರಿಗೆ ಹೋದ ಹುಡುಗರನ್ನು ಕಂಡರೆ ಆ ಪ್ಯಾಕೇಜುಗಳ ಮೇಲೆ ಸಿಟ್ಟೇ ಬರುತ್ತದೆ.

ಮನೆಯನ್ನೇ ಅಳೆಯಬೇಕು ಎಂಬ ಹಟವಿದ್ದರೆ ಅದಕ್ಕೂ ಉಬ್ಬಸದವಳ ಉಸಿರೇ ಸಾಧನ. ಪೀಕ್ ಫ್ಲೋ ಮೀಟರ್ ಎಂಬ ಪ್ಲಾಸ್ಟಿಕ್ ಕೊಳವೆಗೆ ಕೆಲವು ನೂರು ರೂಪಾಯಿ. ಎರಡು ವಾರ ಬೆಳಿಗ್ಗೆ-ಸಂಜೆ ಊದಿ ಬರೆದುಕೊಳ್ಳಿ. ದಿನದೊಳಗಿನ ಏರಿಳಿತ ವಯಸ್ಕರಲ್ಲಿ ಸರಾಸರಿ 10 ಶೇಕಡಾ, ಮಕ್ಕಳಲ್ಲಿ 13 ಶೇಕಡಾ ದಾಟಿದರೆ ಗಮನಿಸಬೇಕಾದ್ದೇ. ರಜೆಗೆ ಊರಿಗೆ ಹೋದಾಗಲೂ ಊದಿ, ವಾಪಸ್ ಬಂದ ಮೇಲೂ ಊದಿ. ಕೋಣೆಗೆ ಮರಳಿದ ಮೂರನೆಯ ದಿನಕ್ಕೆ ಅಂಕಿ ಕುಸಿದರೆ, ಕೂಲರ್ ಹಚ್ಚಿದ ವಾರ ಕುಸಿದರೆ, ಮನೆಯ ಮೇಲೆ ಅದಕ್ಕಿಂತ ದೊಡ್ಡ ಆರೋಪಪಟ್ಟಿ ಇಲ್ಲ. ಕಾರ್ಖಾನೆಗಳಲ್ಲಿ ಕೆಲಸದಿಂದ ಬರುವ ಉಬ್ಬಸವನ್ನು ವೈದ್ಯರು ಹಿಡಿಯುವುದು ಇದೇ ಉಪಾಯದಿಂದ. ಜೊತೆಗೆ ತೇವಾಂಶ ತೋರಿಸುವ ಪುಟ್ಟ ಗಡಿಯಾರದಂಥ ಮೀಟರ್ ಒಂದನ್ನು ಗೋಡೆಗೆ ಹಾಕಿಕೊಂಡರೆ ಸಾಕು. ಮನೆಗೆ ನಾನು ಒಪ್ಪುವ ಒಂದೇ ಉಪಕರಣ ಅದು. ಅದರ ಅಂಕಿ ನೋಡಿದ ಕೂಡಲೆ ಏನಾದರೂ ಮಾಡಬಹುದು: ಕೂಲರಿನ ನೀರು ನಿಲ್ಲಿಸಬಹುದು, ಬಟ್ಟೆ ಹೊರಗೆ ಹಾಕಬಹುದು, ಎಕ್ಸಾಸ್ಟ್ ಫ್ಯಾನ್ ಹಚ್ಚಬಹುದು.

ಇಲ್ಲಿ ಔಷಧದ ಮಾತು ಬರಲೇಬೇಕು. ಭಾರತದಲ್ಲಿ ಸುಮಾರು 3.4 ಕೋಟಿ ಜನರಿಗೆ ಉಬ್ಬಸ ಎಂಬ ಅಂದಾಜಿದೆ. ಜಗತ್ತಿನ ಉಬ್ಬಸದವರಲ್ಲಿ ನಮ್ಮ ಪಾಲು ಸುಮಾರು 13 ಶೇಕಡಾ, ಉಬ್ಬಸದಿಂದ ಸಾಯುವವರಲ್ಲಿ 40 ಶೇಕಡಾಕ್ಕೂ ಹೆಚ್ಚು. ನಮ್ಮ ಮನೆಗಳಲ್ಲಿ ನುಸಿ ಮೂರು ಪಟ್ಟು ಇರುವುದರಿಂದ ಹೀಗಾಯಿತೆ? 2022ರಲ್ಲಿ ಪ್ರಕಟವಾದ ಗ್ಲೋಬಲ್ ಅಸ್ತಮಾ ನೆಟ್‌ವರ್ಕ್‌ನ ಭಾರತದ ಸಮೀಕ್ಷೆ ಬೇರೆ ಉತ್ತರ ಕೊಡುತ್ತದೆ. ಸುಯ್‌ಗುಡುವ ಉಸಿರಿದ್ದವರಲ್ಲಿ 82 ಶೇಕಡಾ ಮಂದಿಗೆ ಅದು ಅಸ್ತಮಾ ಎಂದು ಯಾರೂ ಹೇಳಿಯೇ ಇರಲಿಲ್ಲ. ಸ್ಟೀರಾಯ್ಡ್ ಇನ್‌ಹೇಲರನ್ನು ದಿನವೂ ತೆಗೆದುಕೊಳ್ಳುತ್ತಿದ್ದವರು 2.5 ಶೇಕಡಾಕ್ಕಿಂತ ಕಡಿಮೆ. ‘ಪಂಪ್ ಅಭ್ಯಾಸ ಆಗಿಬಿಟ್ರೆ ಬಿಡೋಕಾಗಲ್ಲ ಕಣೇ, ನಾಳೆ ಮದುವೆ ಬೇರೆ ಆಗಬೇಕು’ ಎಂದು ದಾವಣಗೆರೆಯಿಂದ ಫೋನಿನಲ್ಲಿ ಹೇಳುವ ತಾಯಿಯೂ, ಮೃಗಶಿರಕ್ಕೆ ಹೈದರಾಬಾದಿಗೆ ಹೋಗಿ ಬಾಯಲ್ಲಿ ಜೀವಂತ ಮೀನು ಹಾಕಿಸಿಕೊಂಡು ಬಾ ಎನ್ನುವ ಮಾವನೂ, ಮೊದಲು ಮನೆ ಟೆಸ್ಟ್ ಮಾಡಿಸಿ ಎನ್ನುವ ವಿದ್ಯಾವಂತ ಗೆಳೆಯನೂ ಈ ವಿಷಯದಲ್ಲಿ ಒಂದೇ ಕಡೆ ನಿಂತಿದ್ದಾರೆ. ಮೂವರೂ ಇನ್‌ಹೇಲರನ್ನು ಮುಂದೂಡುತ್ತಾರೆ.

ಬೆಂಗಳೂರಿನ ಒಂದು ಅಧ್ಯಯನವನ್ನು ಇಲ್ಲಿ ನೆನೆಯಬೇಕು. ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಆಸ್ಪತ್ರೆಗೆ ಬಂದ 20,000 ಮಕ್ಕಳ ಲೆಕ್ಕ ಹಾಕಿ, ಉಬ್ಬಸದ ಪ್ರಮಾಣ 1979ರಲ್ಲಿ 9 ಶೇಕಡಾ ಇದ್ದದ್ದು 1999ಕ್ಕೆ 29.5 ಆಯಿತು ಎಂದರು. ಪತ್ರಿಕೆಗಳು ಆ ಸಂಖ್ಯೆಯನ್ನೇ ಎತ್ತಿ ಬರೆಯುತ್ತವೆ. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಅವರು 12 ಶಾಲೆಗಳ 6,550 ಮಕ್ಕಳಲ್ಲಿ ನಡೆಸಿದ ಸಮೀಕ್ಷೆ. ವಾಹನ ಕಡಿಮೆಯಿರುವ ಕಡೆಯ ಶಾಲೆಗಳಲ್ಲಿ ಉಬ್ಬಸ 11.15 ಶೇಕಡಾ, ವಾಹನ ದಟ್ಟಣೆಯ ಕಡೆ 19.34, ವಾಹನ ದಟ್ಟಣೆಯ ಜೊತೆಗೆ ಬಡತನವೂ ಸೇರಿದ ಕಡೆ 31.14. ಈ ಏರಿಕೆಯನ್ನು ವಿವರಿಸುವ ವಸ್ತು ಯಾವ ಒಂದು ಹಾಸಿಗೆಯ ಧೂಳಿನಲ್ಲೂ ಇಲ್ಲ. ವಿಳಾಸ ಮತ್ತು ವರಮಾನವನ್ನು ಅಳೆಯುವ ಕಿಟ್ ಇನ್ನೂ ಬಂದಿಲ್ಲ. ಅಥವಾ ಬಂದಿದೆ, ಅದನ್ನು ಬಾಡಿಗೆ ಕರಾರು ಎನ್ನುತ್ತಾರೆ.

ಕರಾರಿಗೇ ಬರೋಣ. ಬೂಷ್ಟು ಗೋಡೆಯದು, ಗೋಡೆ ಮಾಲೀಕರದು. 1958ರ ದೆಹಲಿ ಬಾಡಿಗೆ ನಿಯಂತ್ರಣ ಕಾಯ್ದೆಯ 44ನೆಯ ಕಲಮು ಮನೆಯನ್ನು ವಾಸಯೋಗ್ಯ ಸ್ಥಿತಿಯಲ್ಲಿಡುವುದು ಮಾಲೀಕನ ಕರ್ತವ್ಯ ಎನ್ನುತ್ತದೆ. ಆತ ಮಾಡದಿದ್ದರೆ ಬಾಡಿಗೆದಾರ ತಾನೇ ರಿಪೇರಿ ಮಾಡಿಸಿ, ಒಂದು ಮಿತಿಯೊಳಗೆ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಚಂದದ ಕಲಮು. ಆದರೆ 1988ರ ತಿದ್ದುಪಡಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚಿನ ಬಾಡಿಗೆಯ ಮನೆಗಳನ್ನು ಈ ಕಾಯ್ದೆಯ ಹೊರಗಿಟ್ಟಿತು. ಇಂದಿನ ಲಕ್ಷ್ಮೀ ನಗರದಲ್ಲಿ ಆ ಮೊತ್ತಕ್ಕೆ ಕೋಣೆಯಲ್ಲ, ಹಂಚಿಕೊಂಡ ಮಂಚ ಸಿಕ್ಕರೆ ಪುಣ್ಯ. ಉಳಿದದ್ದು ಹನ್ನೊಂದು ತಿಂಗಳ ಕರಾರು ಮತ್ತು ‘ಪಸಂದ್ ಇಲ್ಲದಿದ್ದರೆ ಖಾಲಿ ಮಾಡಿ ಬೇಟಾ’ ಎಂಬ ಮಾತು. ಇಂಥವರ ಮುಂದೆ ಲ್ಯಾಬ್ ವರದಿ ಹಿಡಿದರೆ ಏನಾಗುತ್ತದೆ? ನೀವು ಬಟ್ಟೆ ಒಳಗೆ ಒಣಹಾಕುತ್ತೀರಿ, ಕಿಟಕಿ ತೆಗೆಯುವುದಿಲ್ಲ, ಅದಕ್ಕೇ ಬೂಷ್ಟು ಎನ್ನುತ್ತಾರೆ. ಮನೆಯ ಅಂಕಿ ಮನೆಯಲ್ಲಿರುವವರ ತಪ್ಪಾಗುತ್ತದೆ.

ಈ ತಿರುಗುಬಾಣ ದೆಹಲಿಯದಷ್ಟೇ ಅಲ್ಲ. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ಬೂಷ್ಟು ಹಿಡಿದ ಬಾಡಿಗೆ ಮನೆಯಲ್ಲಿದ್ದ ಅವಾಬ್ ಇಶಾಕ್ ಎಂಬ ಎರಡು ವರ್ಷದ ಮಗು 2020ರ ಡಿಸೆಂಬರ್‌ನಲ್ಲಿ ಉಸಿರಾಟದ ತೊಂದರೆಯಿಂದ ತೀರಿಕೊಂಡಿತು. ಅಪ್ಪ 2017ರಿಂದಲೇ ದೂರು ಕೊಟ್ಟಿದ್ದರು. ಬೂಷ್ಟು ಗೋಡೆಯ ಮೇಲೆ ಕಣ್ಣಿಗೆ ಕಾಣುತ್ತಿತ್ತು. ವಸತಿ ಸಂಸ್ಥೆಯವರು ಮಾತ್ರ ಕುಟುಂಬದ ಜೀವನಶೈಲಿಯ ಕಡೆ ಬೆರಳು ತೋರಿಸುತ್ತಿದ್ದರು. ಮಗುವಿನ ಸಾವಿಗೆ ಬೂಷ್ಟೇ ಕಾರಣ ಎಂದು 2022ರ ನವೆಂಬರ್‌ನಲ್ಲಿ ತನಿಖಾಧಿಕಾರಿ ತೀರ್ಪಿತ್ತ ಮೇಲೆ ಅವನ ಹೆಸರಿನಲ್ಲೇ ಕಾನೂನು ಬಂತು. 2025ರ ಅಕ್ಟೋಬರ್‌ನಿಂದ ಅಲ್ಲಿನ ಸಾಮಾಜಿಕ ವಸತಿಯ ಮಾಲೀಕರು ತೇವ-ಬೂಷ್ಟಿನ ದೂರು ಬಂದರೆ ಗೊತ್ತುಪಡಿಸಿದ ದಿನಗಳೊಳಗೆ ಪರಿಶೀಲಿಸಿ ಸರಿಪಡಿಸಲೇಬೇಕು. ಆ ಮನೆಗೆ ಕೊರತೆಯಿದ್ದದ್ದು ಮಾಪನದ್ದಲ್ಲ.

ಲಕ್ಷ್ಮೀ ನಗರಕ್ಕೂ ತೇವದ ಒಂದು ಸಾವಿನ ಲೆಕ್ಕವಿದೆ. 2010ರ ಸೆಪ್ಟೆಂಬರ್‌ನಲ್ಲಿ ಯಮುನೆ ಉಕ್ಕಿದಾಗ ಇಲ್ಲಿನ ಲಲಿತಾ ಪಾರ್ಕಿನ ಕಟ್ಟಡವೊಂದರ ಬೇಸ್‌ಮೆಂಟಿಗೆ ನೀರು ನುಗ್ಗಿ ನಿಂತಿತ್ತು. ನವೆಂಬರ್ 15ರ ರಾತ್ರಿ ಐದು ಮಹಡಿಯ ಆ ಕಟ್ಟಡ ಕುಸಿಯಿತು. ಸತ್ತವರು ಸುಮಾರು 70 ಮಂದಿ, ಬಹುತೇಕ ಬಿಹಾರ, ಬಂಗಾಳದಿಂದ ಬಂದ ಕೂಲಿಕಾರರು, ಬಾಡಿಗೆಯವರು. ಅಡಿಪಾಯ ನೆನೆದು ದುರ್ಬಲವಾದದ್ದು, ಮೇಲೆ ಮಹಡಿ ಏರಿಸಿದ್ದು ಎರಡೂ ಆಗ ಚರ್ಚೆಯಾದವು. 2023ರ ಜುಲೈನಲ್ಲಿ ಯಮುನೆ 208.66 ಮೀಟರ್ ಮುಟ್ಟಿ ಹಳೆಯ ದಾಖಲೆಗಳನ್ನೆಲ್ಲ ಮುರಿದಾಗ, ಪೂರ್ವ ದೆಹಲಿಯ ತಗ್ಗಿನ ಮನೆಗಳ ಗೋಡೆಗಳು ಎಷ್ಟು ನೀರು ಕುಡಿದವು ಎಂದು ಮಾಲೀಕರನ್ನು ಯಾರು ಕೇಳಿದರು?

ಮನೆಯ ಪರೀಕ್ಷೆ ಎಂದೂ ಬೇಡವೇ ಎಂದರೆ ಬೇಕಾದ ಸಂದರ್ಭಗಳಿವೆ. ಬೆಕ್ಕಿನ ತೀವ್ರ ಅಲರ್ಜಿ ಇರುವವರು ಹೊಸ ಮನೆಗೆ ಬಂದು ಕಾರಣ ತಿಳಿಯದೆ ಒದ್ದಾಡುತ್ತಿದ್ದರೆ ಧೂಳು ಪರೀಕ್ಷೆ ಉಪಯೋಗಕ್ಕೆ ಬರಬಹುದು. ಬೆಕ್ಕು ಹೋದ ಮೇಲೂ ಅದರ ಅಂಶ ತಿಂಗಳುಗಟ್ಟಲೆ ಮನೆಯಲ್ಲಿ ಉಳಿಯುತ್ತದೆ, ಮತ್ತು ಅದು ಕಣ್ಣಿಗೂ ಮೂಗಿಗೂ ಸಿಗುವುದಿಲ್ಲ. ಸಂಶೋಧಕರಿಗೆ ಬೇಕು. ಬೇರೆ ಎಲ್ಲ ಮಾಡಿಯೂ ಉಬ್ಬಸ ಹಿಡಿತಕ್ಕೆ ಬಾರದ ಕೆಲವರಿಗೆ, ವೈದ್ಯರು ಹೇಳಿದರೆ, ಬೇಕಾದೀತು. ಉಳಿದವರು ಆ ಹಣವನ್ನು ಪ್ಲಂಬರಿಗೆ ಕೊಡಲಿ. ಮೇಲಿನ ಮನೆಯ ಬಚ್ಚಲ ಪೈಪು ಸೋರುತ್ತಿದೆಯೋ, ಛಾವಣಿಯ ಟ್ಯಾಂಕ್ ತುಂಬಿ ಗೋಡೆಗುಂಟ ಇಳಿಯುತ್ತಿದೆಯೋ, ನೆಲದಿಂದಲೇ ಏರುತ್ತಿದೆಯೋ ಎಂದು ಅವನು ಗೋಡೆ ತಟ್ಟಿ ಅರ್ಧ ಗಂಟೆಯಲ್ಲಿ ಹೇಳುತ್ತಾನೆ. ಮೊದಲೆರಡಕ್ಕೆ ರಿಪೇರಿ ಇದೆ. ಮೂರನೆಯದಾದರೆ ಆ ಕೋಣೆಯ ಮೇಲೆ ಪುಟ್ಟಿಯನ್ನೂ ಹಾಕಿಸಬಾರದು, ದುಡ್ಡನ್ನೂ ಹಾಕಬಾರದು. ಕರಾರು ಮುಗಿಯುವುದರೊಳಗೆ ಎರಡನೆಯ ಮಹಡಿಯಲ್ಲಿ ಒಂದು ಕೋಣೆ ನೋಡಿಕೊಳ್ಳಬೇಕು. ನೋಡಲು ಹೋಗುವುದಾದರೆ ಆಗಸ್ಟ್‌ನಲ್ಲಿ, ಜೋರು ಮಳೆ ಬಂದ ಮರುದಿನ ಹೋಗಬೇಕು. ಮಾರ್ಚ್‌ನಲ್ಲಿ ಎಲ್ಲ ಗೋಡೆಗಳೂ ಬೆಳ್ಳಗೇ ಇರುತ್ತವೆ.